ಒಂದು ಬಂಡಲ್ ಪೇಪರ್ ಮತ್ತು ನಾಲ್ಕು ಲಕ್ಷ ಕೋಟಿ

ಹೋದ ತಿಂಗಳು ನನ್ನ ಬೈಕ್ ಕಳುವಾಯಿತು. ರಾತ್ರಿ ಮನೆ ಮುಂದೆ ನಿಲ್ಲಿಸಿದ್ದೆ, ಬೆಳಗ್ಗೆ ಎದ್ದು ನೋಡಿದರೆ ಇಲ್ಲ. ಎದುರು ಮನೆಯವರು, ಹಾಲಿನವರು, ಕಸದ ಗಾಡಿಯವರು, ಎಲ್ಲರೂ ಬಂದು ಖಾಲಿ ಜಾಗವನ್ನು ನೋಡಿ ಹೋದರು. ಆಮೇಲೆ ಠಾಣೆಗೆ ಹೋದೆ. ಯಾವ ಠಾಣೆ ಅಂತ ಹೇಳುವುದಿಲ್ಲ. ಅಲ್ಲಿದ್ದವರು ಒಳ್ಳೆಯವರೇ, ಸುಮ್ನೆ ಅವರಿಗೆ ತೊಂದರೆ ಆಗುವುದು ಬೇಡ.

ರೈಟರ್, ಅಂದರೆ ಠಾಣೆಯ ಬರವಣಿಗೆ ಕೆಲಸ ನೋಡುವ ಪೊಲೀಸರು, ನನ್ನ ದೂರು ಓದಿದರು. ಆರ್‌ಸಿ, ಇನ್ಶೂರೆನ್ಸ್ ನೋಡಿದರು. ಕೂರಿಸಿ ನೀರು ಕೊಟ್ಟರು. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಸಾರ್, ಬೇಜಾರು ಮಾಡ್ಕೋಬೇಡಿ. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇದೆ. ಒಂದು ಬಂಡಲ್ ಎ-ಫೋರ್ ಪೇಪರ್ ತಂದ್ಬಿಡಿ. ಪ್ರಿಂಟರಿಗೆ ಹಾಳೆ ಇಲ್ಲ."

ತಂದುಕೊಟ್ಟೆ. ಅರ್ಧ ಗಂಟೆಯಲ್ಲಿ ಎಫ್‌ಐಆರ್ ಆಯಿತು. ಪ್ರತಿಯನ್ನು ನನ್ನ ಕೈಗಿಟ್ಟು ಸಹಿ ಹಾಕಿಸಿಕೊಂಡರು. ದೂರುದಾರರಿಗೆ ಪ್ರತಿಯನ್ನು ಉಚಿತವಾಗಿ ಕೊಡಲಾಗಿದೆ ಅಂತ ಅದರಲ್ಲೇ ಬರೆದಿತ್ತು. ಕಾನೂನೂ ಹಾಗೇ ಹೇಳುತ್ತದೆ. ಹಿಂದಿನ ಸಿಆರ್‌ಪಿಸಿಯಲ್ಲೂ ಇತ್ತು, ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಈಗಿನ ಬಿಎನ್‌ಎಸ್‌ಎಸ್ 173ನೇ ಸೆಕ್ಷನ್‌ನಲ್ಲೂ ಇದೆ. ನಾನೇ ತಂದ ಹಾಳೆಯ ಮೇಲೆ ನನಗೇ ಉಚಿತ ಪ್ರತಿ. ಬೈಕ್ ಹೋದ ದುಃಖದಲ್ಲೂ ನಗು ಬಂತು.

ಅವತ್ತು ಸಂಜೆ ಸೋದರಮಾವನಿಗೆ ಫೋನ್ ಮಾಡಿದೆ. ಎಎಸ್‌ಐ ಆಗಿ ರಿಟೈರ್ ಆದವರು. ಮೂವತ್ತೈದು ವರ್ಷ ಸರ್ವಿಸ್. ಕತೆ ಕೇಳಿ ಜೋರಾಗಿ ನಕ್ಕರು. "ಒಂದೇ ಬಂಡಲ್ ಕೇಳಿದ್ರಾ? ಪುಣ್ಯವಂತ ಕಣೋ ನೀನು. ನಾವು ಕಾರ್ಬನ್ನೂ ಸೇರಿಸಿ ತರಿಸ್ತಿದ್ವಿ."

"ಯಾಕೆ ಮಾವ, ಸರ್ಕಾರ ಕೊಡಲ್ವಾ?"

"ಕೊಡತ್ತಪ್ಪ. ಕೊಡಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಸಾಕಾಗಲ್ಲ, ಬೇಕಾದಾಗ ಬರಲ್ಲ."

ಆಮೇಲೆ ಒಂದು ಗಂಟೆ ಮಾತಾಡಿದರು. ಠಾಣೆಯೊಂದರ ಖರ್ಚು ಏನೇನು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ನೀವೂ ಯೋಚಿಸಿರಲಿಕ್ಕಿಲ್ಲ. ಕೆರೆಯಲ್ಲೋ ರೈಲು ಹಳಿಯ ಪಕ್ಕವೋ ವಾರಸುದಾರರಿಲ್ಲದ ಹೆಣ ಸಿಗುತ್ತದೆ. ಅದನ್ನು ಎತ್ತುವವರಿಗೆ ದುಡ್ಡು. ಶವಾಗಾರಕ್ಕೆ ಸಾಗಿಸುವ ಗಾಡಿಗೆ ದುಡ್ಡು. ಫೋಟೋಗೆ ದುಡ್ಡು. ಯಾರೂ ಬರದಿದ್ದರೆ ಬಟ್ಟೆಗೆ, ಗುಂಡಿ ತೋಡುವವರಿಗೆ ದುಡ್ಡು. "ಬಿಲ್ ಹಾಕಿದ್ರೆ ಸರ್ಕಾರ ಕೊಡತ್ತೆ. ಆದ್ರೆ ಬಿಲ್ ಪಾಸಾಗೋ ತನಕ ಹೆಣ ಕಾಯಲ್ಲ ನೋಡು" ಅಂದರು ಮಾವ.

ಇನ್ನು ಆರೋಪಿ ಹೊರ ರಾಜ್ಯಕ್ಕೆ ಓಡಿದ್ದರೆ? ಒಬ್ಬ ಪಿಎಸ್‌ಐ, ಮೂವರು ಸಿಬ್ಬಂದಿ ಹೊರಡಬೇಕು. ಟಿಕೆಟ್, ಲಾಡ್ಜ್, ಅಲ್ಲಿ ಓಡಾಡಲು ಬಾಡಿಗೆ ಕಾರು. ಆರೋಪಿ ಸಿಕ್ಕರೆ ಬರುವಾಗ ಅವನ ಟಿಕೆಟ್ಟೂ ಊಟವೂ ಸೇರಿ ಐದು ಜನರ ಖರ್ಚು. ಎಲ್ಲಾ ಮುಗಿಸಿ ಬಂದು ಟಿಎ ಬಿಲ್, ಅಂದರೆ ಪ್ರಯಾಣ ಭತ್ಯೆಯ ಬಿಲ್, ಹಾಕಬೇಕು. ಮಾವನ ಕೊನೆಯ ಟಿಎ ಬಿಲ್ ಪಾಸಾಗಿದ್ದು ಅವರು ರಿಟೈರ್ ಆಗಿ ಏಳು ತಿಂಗಳಿಗೆ.

"ಹಾಗಾದ್ರೆ ಮೊದಲು ಕೈಯಿಂದ ಹಾಕ್ತಿದ್ದೋರು ಯಾರು ಮಾವ? ನೀವೇನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೊಡೋರು ಕೊಡ್ತಿದ್ರು ಬಿಡು" ಅಂದರು. ಮಾತು ಬೇರೆ ಕಡೆ ಹೋಯಿತು.

ಆ 'ಕೊಡೋರು' ಯಾರು ಅನ್ನುವುದು ನನ್ನ ತಲೆಯಿಂದ ಹೋಗಲೇ ಇಲ್ಲ. ಈ ಬರಹ ಅದರದ್ದೇ ಬೆಂಬತ್ತಿ ಹೋಗಿದ್ದು. ಉದ್ದ ಆಗುತ್ತದೆ, ಕ್ಷಮಿಸಿ.

ಪೊಲೀಸ್ ಅನ್ನುವುದು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ. ಅಂದರೆ ಈ ಖರ್ಚಿನ ಹೊಣೆ ರಾಜ್ಯದ್ದು. 2025ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪೊಲೀಸರ ಪಾಲು ನೂರಕ್ಕೆ ಐದು ರೂಪಾಯಿಯೂ ಇಲ್ಲ. ಹಾಗಂತ ಸಣ್ಣ ಮೊತ್ತವೇನೂ ಅಲ್ಲ, ಸಾವಿರಾರು ಕೋಟಿ ಆಗುತ್ತದೆ. ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಬೇಡಿಕೆ ಸಂಖ್ಯೆ 5 ತೆರೆಯಿರಿ. (ಬೇಡಿಕೆ ಅಂದರೆ ಇಲಾಖೆಗೆ ಇಷ್ಟು ದುಡ್ಡು ಬೇಕು ಅಂತ ಸರ್ಕಾರ ಸದನದ ಮುಂದಿಡುವ ಪಟ್ಟಿ.) ಒಳಾಡಳಿತ ಮತ್ತು ಸಾರಿಗೆ. ಹೌದು, ಪೊಲೀಸ್ ಮತ್ತು ಬಸ್ಸು ಎರಡೂ ಒಂದೇ ಬೇಡಿಕೆಯಲ್ಲಿ. ಅದರೊಳಗೆ 2055 ಅನ್ನುವ ಲೆಕ್ಕ ಶೀರ್ಷಿಕೆ ಇದೆ. ಅದು ಪೊಲೀಸ್ ಇಲಾಖೆಯ ದಿನನಿತ್ಯದ ಖರ್ಚು. 4055 ಅಂತ ಇನ್ನೊಂದಿದೆ, ಅದು ಕಟ್ಟಡ ಮುಂತಾದ ಬಂಡವಾಳ ವೆಚ್ಚ. ಪಿಂಚಣಿ ಇವೆರಡರಲ್ಲೂ ಇಲ್ಲ, ಅದರ ಶೀರ್ಷಿಕೆ ಬೇರೆ.

2055ರ ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸಂಬಳ. ಆಮೇಲೆ ತುಟ್ಟಿಭತ್ಯೆ. ಆಮೇಲೆ ಇತರ ಭತ್ಯೆ. ದುಡ್ಡಿನ ಬಹುಪಾಲು ಅಲ್ಲೇ ಮುಗಿಯುತ್ತದೆ. ಇದನ್ನು ನೋಡಿ "ಎಲ್ಲಾ ಸಂಬಳಕ್ಕೇ ಹೋಗ್ತಿದೆ, ಇವರಿಗ್ಯಾಕೆ ಇಷ್ಟೊಂದು" ಅನ್ನುವವರಿದ್ದಾರೆ. ನಾನು ಆ ಗುಂಪಿನಲ್ಲಿಲ್ಲ. ಪೊಲೀಸ್ ಕೆಲಸ ಅಂದರೇ ಮನುಷ್ಯರು. ಬೀಟ್ ಸುತ್ತುವುದು, ಬಂದೋಬಸ್ತಿಗೆ ನಿಲ್ಲುವುದು, ಸಮನ್ಸ್ ಜಾರಿ ಮಾಡುವುದು, ಇದಕ್ಕೆಲ್ಲ ಜನ ಬೇಕು, ಜನಕ್ಕೆ ಸಂಬಳ ಬೇಕು.

ಆ ಸಂಬಳವೂ ಸುಲಭಕ್ಕೆ ಬಂದಿದ್ದಲ್ಲ. 2016ರ ಜೂನ್ 4 ನಿಮಗೆ ನೆನಪಿರಬಹುದು. ರಾಜ್ಯದ ಪೊಲೀಸರು ಅವತ್ತು ಸಾಮೂಹಿಕ ರಜೆ ಹಾಕುತ್ತಾರೆ ಅಂತ ದೊಡ್ಡ ಸುದ್ದಿಯಾಗಿತ್ತು. ಸರ್ಕಾರ ಗಾಬರಿ ಬಿದ್ದಿತ್ತು. ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರ್ ಸಮಿತಿಯ ವರದಿ ಬಂತು. ಬೇರೆ ಇಲಾಖೆಯವರಿಗಿಂತ ಪೊಲೀಸರ ಸಂಬಳ ಕಡಿಮೆ ಇದೆ, ಸರಿಪಡಿಸಿ ಅಂದಿತು. ಆ ಪ್ರಕಾರ ಸಂಬಳ ಏರಿದ್ದು 2019ರ ಆಗಸ್ಟ್‌ನಿಂದ. ಮೂರು ವರ್ಷ ಫೈಲು ಸುತ್ತಾಡಿತು. ಕಾನ್‌ಸ್ಟೇಬಲ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಆಗೆಲ್ಲ 'ಔರಾದ್ಕರ್' ಅನ್ನುವುದು ಒಬ್ಬ ವ್ಯಕ್ತಿಯ ಹೆಸರಾಗಿರಲಿಲ್ಲ, ಸಂಬಳದ ಇನ್ನೊಂದು ಹೆಸರಾಗಿತ್ತು. "ಔರಾದ್ಕರ್ ಬಂತಾ?" ಅಂತ ಮಾವನೂ ಕೇಳುತ್ತಿದ್ದರು.

ಒಂದು ವಿಷಯ ಗಮನಿಸಿ. ಬೇಡಿಕೆ ಸಂಖ್ಯೆ 5ರಲ್ಲಿ ಪಕ್ಕದಲ್ಲೇ ಕೂತಿರುವ ಸಾರಿಗೆ ನೌಕರರಿಗೆ ಸಂಘಗಳಿವೆ. ಅವರು ಮುಷ್ಕರ ಹೂಡಿದರೆ ಇವತ್ತಲ್ಲ ನಾಳೆ ಮಂತ್ರಿಗಳು ಮಾತುಕತೆಗೆ ಕರೆಯುತ್ತಾರೆ. ಶಿಕ್ಷಕರಿಗಂತೂ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರವೇ ಇದೆ. ಪೊಲೀಸರಿಗೆ ಎರಡೂ ಇಲ್ಲ. 1966ರ ಕೇಂದ್ರದ ಕಾಯ್ದೆಯೊಂದು ಅವರು ಸಂಘ ಕಟ್ಟುವುದಕ್ಕೆ ಕಡಿವಾಣ ಹಾಕಿದೆ. ಕೋವಿ ಹಿಡಿದವರು ಮುಷ್ಕರ ಮಾಡಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕೂಗುವವರಿಗೆ ಮೊದಲು ಬಡಿಸುವ ಪಂಕ್ತಿಯಲ್ಲಿ, ಬಾಯಿ ಕಟ್ಟಿಸಿಕೊಂಡು ಕೂತವನ ಎಲೆಗೆ ಏನು ಬೀಳುತ್ತದೆ ಹೇಳಿ.

ಸಂಬಳ ಆದಮೇಲೆ ಉಳಿಯುವ ಚೂರಿನಲ್ಲಿ ಇಂಧನ, ವಾಹನ ರಿಪೇರಿ, ಕರೆಂಟ್ ಬಿಲ್, ಫೋನ್ ಬಿಲ್, ಪ್ರಯಾಣ ಭತ್ಯೆ, ಸಮವಸ್ತ್ರ, ತರಬೇತಿ. ಕೊನೆಗೆ ನಮ್ಮ ಕಥಾನಾಯಕ: ಸಾದಿಲ್ವಾರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಈ ಪದ ಗೊತ್ತು. ಚಿಲ್ಲರೆ ಖರ್ಚು ಅನ್ನುವುದಕ್ಕೆ ಇಲಾಖೆಯ ಹೆಸರು. ಪೇಪರ್, ಟೋನರ್, ಪೊರಕೆ, ಫಿನೈಲ್ ಎಲ್ಲ ಇದರಲ್ಲೇ ಬರಬೇಕು.

ಈ ದುಡ್ಡು ವಿಧಾನಸೌಧದಿಂದ ಇಲಾಖೆಯ ಮುಖ್ಯ ಕಚೇರಿಗೆ, ಅಲ್ಲಿಂದ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಬರುತ್ತದೆ. ಬಿಲ್ಲುಗಳು ಖಜಾನೆ-2 ಅನ್ನುವ ಸರ್ಕಾರದ ಆನ್‌ಲೈನ್ ಖಜಾನೆ ವ್ಯವಸ್ಥೆಯಲ್ಲಿ ಪಾಸಾಗುತ್ತವೆ. ಹಣ ಸೆಳೆಯುವ ಅಧಿಕಾರ ಇರುವುದು ಮೇಲಿನ ಕಚೇರಿಗೆ. ನನ್ನ ಬೈಕ್ ಹುಡುಕಬೇಕಾದ ಇನ್‌ಸ್ಪೆಕ್ಟರ್ ಕೈಯಲ್ಲಿ "ಇದು ನಿನ್ನ ಠಾಣೆಯ ಈ ವರ್ಷದ ದುಡ್ಡು" ಅಂತ ಒಂದು ಮೊತ್ತ ಇರುವುದಿಲ್ಲ. ಕೇಳಬೇಕು, ಇಂಡೆಂಟ್ ಹಾಕಬೇಕು, ಬಂದದ್ದನ್ನು ತಗೊಳ್ಳಬೇಕು. ಇದರ ಮೇಲೆ ಮಾರ್ಚ್ 31ರ ಕಾಟ. ಅಷ್ಟರೊಳಗೆ ಖರ್ಚಾಗದ ಅನುದಾನ ವಾಪಸ್. ಹಾಗಾಗಿ ಜೂನ್‌ನಲ್ಲಿ ಹಾಳೆ ಇಲ್ಲದ ಕಚೇರಿಗೆ ಮಾರ್ಚ್ ಕೊನೆಯಲ್ಲಿ ಕುರ್ಚಿ ಬರುತ್ತದೆ. ಇದು ಪೊಲೀಸರ ರೋಗ ಮಾತ್ರ ಅಲ್ಲ, ಎಲ್ಲಾ ಇಲಾಖೆಗಳದ್ದು. ಆದರೆ ಬೇರೆ ಕಚೇರಿಯವರು "ಹಾಳೆ ಇಲ್ಲ, ನಾಳೆ ಬನ್ನಿ" ಅನ್ನಬಹುದು. ಠಾಣೆ ರಾತ್ರಿ ಎರಡಕ್ಕೂ ಬಾಗಿಲು ತೆರೆದಿರಬೇಕು.

ಈಗ 'ಕೊಡೋರ' ವಿಷಯಕ್ಕೆ ಬರೋಣ. ನಾಳೆ ರಸ್ತೆಗೆ ಹೋದಾಗ ಪೊಲೀಸ್ ಬ್ಯಾರಿಕೇಡ್ ನೋಡಿ. ಒಂದು ಕಡೆ 'ಪೊಲೀಸ್' ಅಂತ ಇರುತ್ತದೆ, ಕೆಳಗೆ ಯಾವುದೋ ಆಸ್ಪತ್ರೆ, ಚಿನ್ನದ ಅಂಗಡಿ, ಬಿಲ್ಡರ್, ಕಾಲೇಜು. ನಮಗೆ ಅದು ಎಷ್ಟು ರೂಢಿಯಾಗಿದೆ ಅಂದರೆ ಕಣ್ಣಿಗೇ ಬೀಳುವುದಿಲ್ಲ. ರಸ್ತೆ ಅಡ್ಡಗಟ್ಟುವ ಅಧಿಕಾರ ಸರ್ಕಾರದ್ದು, ಅಡ್ಡಗಟ್ಟುವ ತಗಡು ಆಭರಣದ ಅಂಗಡಿಯದ್ದು. ಕೊಟ್ಟವರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಕಾಲೇಜಿನ ಹಾಸ್ಟೆಲ್ಲಿನಲ್ಲಿ ನಾಳೆ ಏನೋ ಆಗಿ ದೂರು ಬಂದರೆ? ಆ ಬಿಲ್ಡರ್ ಸೈಟ್ ವಿಷಯದಲ್ಲಿ ಬಡವನೊಬ್ಬ ಠಾಣೆಗೆ ಬಂದರೆ? ದೂರು ತಗೊಳ್ಳುವ ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಬಾಗಿಲಲ್ಲೇ ನಿಂತಿರುವ ಬ್ಯಾರಿಕೇಡ್ ಅವನಿಗೆ ಕಾಣದೇ ಇರುತ್ತದಾ? ಬ್ಯಾರಿಕೇಡಿನ ಮೇಲಾದರೂ ಹೆಸರಿದೆ, ಓದಬಹುದು. ಹೆಸರು ಬರೆಸದೆ ಡೀಸೆಲ್ ಹಾಕಿಸಿದವರು, ಲಾಡ್ಜ್ ಬಿಲ್ ಕಟ್ಟಿದವರು, ಹೆಣದ ಗಾಡಿಗೆ ಕೊಟ್ಟವರು ಇರುತ್ತಾರಲ್ಲ, ಮಾವ ಹೇಳದೆ ಬಿಟ್ಟಿದ್ದು ಅವರನ್ನು. ಬಜೆಟ್ ಪುಸ್ತಕದ ಯಾವ ಪುಟದಲ್ಲೂ ಇಲ್ಲದ ದಾನಿಗಳು.

ಠಾಣೆಯ ಲಂಚದ ಬಗ್ಗೆ ನಾವೆಲ್ಲ ಮಾತಾಡುತ್ತೇವೆ. ಜೇಬಿಗೆ ಹಾಕಿಕೊಳ್ಳುವವನನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಕೆಲಸವನ್ನೇ ಮಾಡಲು ಬೇರೆಯವರ ದುಡ್ಡು ಎತ್ತಬೇಕಾದ ಸ್ಥಿತಿ ಇದ್ದರೆ, ಎತ್ತಿದ್ದರಲ್ಲಿ ಎಷ್ಟು ಕೆಲಸಕ್ಕೆ, ಎಷ್ಟು ಜೇಬಿಗೆ ಅಂತ ಲೆಕ್ಕ ಇಡುವವರು ಯಾರು? ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. "ಸ್ಟೇಷನ್ ಖರ್ಚಿಗೆ ಸಾರ್" ಅಂದರೆ ಸಾಕು.

ಇದೇ ಹೊತ್ತಿಗೆ ದೊಡ್ಡ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಬೆಂಗಳೂರು ಸೇಫ್ ಸಿಟಿ ಯೋಜನೆಗೆ ಮಹಿಳೆಯರ ಸುರಕ್ಷತೆಗಾಗಿ ಕೇಂದ್ರ ಇಟ್ಟಿರುವ ನಿರ್ಭಯಾ ನಿಧಿಯ ಅಡಿ ಮಂಜೂರಾಗಿದ್ದು 667 ಕೋಟಿ. ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಸಾವಿರಾರು ಕ್ಯಾಮೆರಾ, ಕಮಾಂಡ್ ಸೆಂಟರ್. ಬೇಡ ಅನ್ನುವುದಿಲ್ಲ. ನನ್ನ ಬೈಕ್ ಹೋದ ದಾರಿಯಲ್ಲೂ ಒಂದು ಕ್ಯಾಮೆರಾ ಇದ್ದಿದ್ದರೆ ಚೆನ್ನಾಗಿತ್ತು. ಪೊಲೀಸ್ ಆಧುನೀಕರಣಕ್ಕೆ 2021-22ರಿಂದ 2025-26ರವರೆಗೆ ದೇಶಕ್ಕೆಲ್ಲ ಸೇರಿಸಿ ಕೇಂದ್ರ ಒಪ್ಪಿಗೆ ಕೊಟ್ಟ ಮೊತ್ತ 26,275 ಕೋಟಿ. ಇವಕ್ಕೆಲ್ಲ ಟೆಂಡರ್ ಇದೆ, ಉದ್ಘಾಟನೆ ಇದೆ, ಫೋಟೋ ಇದೆ. ಟೋನರ್ ಉದ್ಘಾಟನೆಗೆ ಯಾವ ಮಂತ್ರಿ ಬರುತ್ತಾರೆ?

ಕ್ಯಾಮೆರಾ ಹಾಕುವುದಕ್ಕೆ ದುಡ್ಡು ಸಿಗುತ್ತದೆ, ಅದನ್ನು ನಡೆಸುವುದಕ್ಕೆ ಸಿಗುವುದಿಲ್ಲ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಟ್ಟುಕೊಳ್ಳುವಂತಿರಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ಲಾಕಪ್ಪಿನಲ್ಲಿ ಹೊಡೆಯುವುದನ್ನು ತಡೆಯಲಿಕ್ಕೆ ಅದು ಬೇಕೇ ಬೇಕು. ಆದರೆ 18 ತಿಂಗಳ ದೃಶ್ಯ ಅಂದರೆ ಹಾರ್ಡ್‌ಡಿಸ್ಕ್, ಯುಪಿಎಸ್, ರಿಪೇರಿಯ ಕರಾರು, ಪ್ರತಿ ವರ್ಷ ದುಡ್ಡು. ಕೆಟ್ಟು ನಿಂತ ಕ್ಯಾಮೆರಾಗಳ ವಿಷಯವನ್ನು 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್ ತಾನಾಗಿ ಕೈಗೆತ್ತಿಕೊಳ್ಳಬೇಕಾಯಿತು. ಕ್ಯಾಮೆರಾ ಕೆಟ್ಟಿದ್ದರೆ ಅನುಕೂಲ ಅನ್ನುವವರೂ ಠಾಣೆಯಲ್ಲಿರುತ್ತಾರೆ. "ಅನುದಾನ ಇಲ್ಲ" ಅನ್ನುವ ಮಾತು ಅವರಿಗೂ ಒಳ್ಳೆಯ ಮರೆ.

ಹೊಸ ಕಾನೂನಿನದ್ದು ಇನ್ನೊಂದು ತಮಾಷೆ. 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ ಜಾರಿಯಾಯಿತು. ಅದರ 105ನೇ ಸೆಕ್ಷನ್ ಪ್ರಕಾರ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು. ಮೊಬೈಲ್ ಫೋನಿನಲ್ಲಿ ಮಾಡಿದರೆ ಒಳ್ಳೆಯದು ಅಂತ ಕಾನೂನೇ ಹೇಳುತ್ತದೆ. ಒಳ್ಳೆಯ ಕಾನೂನು. ಆದರೆ ಯಾರ ಮೊಬೈಲು? ಫೋನು, ಡೇಟಾ, ಪೆನ್‌ಡ್ರೈವ್ ಯಾರ ಜೇಬಿನಿಂದ? ಕಾನೂನು ಮಾಡಿದ್ದು ದೆಹಲಿ, ಖರ್ಚು ಬಿದ್ದಿದ್ದು ರಾಜ್ಯದ ಮೇಲೆ. ರಾಜ್ಯ ಕೊಡದಿದ್ದರೆ ಅದು ಇಳಿದು ಇಳಿದು ಕಾನ್‌ಸ್ಟೇಬಲ್ ಮೇಲೆ ಬೀಳುತ್ತದೆ. ಅವನು ಅದನ್ನು ಇಳಿಸುವುದು ನಮ್ಮ ಮೇಲೆ.

2025ರ ಅಕ್ಟೋಬರ್‌ನಲ್ಲಿ ಪೊಲೀಸರ ಟೋಪಿ ಬದಲಾಯಿತು. ಹಳೆಯ ಸ್ಲೋಚ್ ಹ್ಯಾಟ್ ಹೋಗಿ ನೀಲಿ ಪೀಕ್ ಕ್ಯಾಪ್ ಬಂತು. ನಮ್ಮ ಟಿವಿ, ಫೇಸ್‌ಬುಕ್ಕು, ವಾಟ್ಸಾಪು ವಾರಗಟ್ಟಲೆ ಟೋಪಿಯದ್ದೇ ಮಾತಾಡಿದವು. ನಾನೂ ಒಂದು ಜೋಕ್ ಹಾಕಿದ್ದೆ, ಇನ್ನೂರು ಲೈಕ್ ಬಂದಿತ್ತು. ಬೇಡಿಕೆ ಸಂಖ್ಯೆ 5ರ ಬಗ್ಗೆ ಹಾಕಿದ್ದರೆ ಎರಡೂ ಬರುತ್ತಿರಲಿಲ್ಲ. (ಈ ಪೋಸ್ಟಿಗೆ ಎಷ್ಟು ಬರುತ್ತೆ ನೋಡೋಣ.) ಸದನದಲ್ಲೂ ಬೇರೇನೂ ಆಗುವುದಿಲ್ಲ. ಬೇಡಿಕೆಗಳ ಮೇಲೆ ಚರ್ಚೆ ಅಂತ ಇರುತ್ತದೆ, ಗಲಾಟೆಯಲ್ಲಿ ಸಮಯ ಮುಗಿಯುತ್ತದೆ, ಉಳಿದದ್ದೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ನಮ್ಮ ಠಾಣೆಗಳಿಗೆ ವರ್ಷಕ್ಕೆ ಎಷ್ಟು ಡೀಸೆಲ್ ಕೊಡುತ್ತೀರಿ ಅಂತ ಕೇಳಿದ ಶಾಸಕರನ್ನು ನಾನಂತೂ ನೋಡಿಲ್ಲ.

"ಟ್ರಾಫಿಕ್ ಫೈನ್ ಕೋಟಿ ಕೋಟಿ ಬರುತ್ತಲ್ಲ, ಅದನ್ನೇ ಅವರಿಗೆ ಕೊಟ್ಟುಬಿಡಿ" ಅಂತ ಗೆಳೆಯರೊಬ್ಬರು ಹೇಳಿದರು. ಬರುವುದು ನಿಜ. 2023ರ ಫೆಬ್ರುವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಕೆಲವೇ ದಿನಗಳಲ್ಲಿ 100 ಕೋಟಿಗಿಂತ ಜಾಸ್ತಿ ಬಂತು. ಸೀರೆ ಅಂಗಡಿಯ ಆಷಾಢದ ರಿಯಾಯಿತಿಗೆ ನಿಲ್ಲುವ ಹಾಗೆ ಜನ ಸಾಲುಗಟ್ಟಿದ್ದರು. ಆ ದುಡ್ಡು ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಎಲ್ಲ ಆದಾಯ ಸೇರುವ ಬೊಕ್ಕಸಕ್ಕೆ, ಹೋಗುತ್ತದೆ. ಹಾಗೇ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಂಡದ ದುಡ್ಡಿನಲ್ಲಿ ಠಾಣೆ ನಡೆಯಬೇಕು ಅಂತಾದರೆ, ತಿಂಗಳ ಕೊನೆಗೆ ಟೋನರ್ ಖಾಲಿಯಾದಾಗಲೆಲ್ಲ ನಮ್ಮ ಹೆಲ್ಮೆಟ್ಟಿನ ಪಟ್ಟಿ ಸಡಿಲವಾಗಿ ಕಾಣುತ್ತದೆ. ಖರ್ಚಿಗೆ ಬಜೆಟ್ಟಿನಿಂದಲೇ ಕೊಡಬೇಕು.

ಹುದ್ದೆಗಳ ಕತೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಹೊರಬಿತ್ತು, 2022ರಲ್ಲಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಆ ಕುರ್ಚಿಗಳ ಸಂಬಳ ಉಳಿಯಿತು ಅಂತ ಲೆಕ್ಕಪುಸ್ತಕ ಹೇಳುತ್ತದೆ. ಆ ಕುರ್ಚಿಗಳ ಕೆಲಸವನ್ನು ಯಾರು ಮಾಡಿದರು ಅಂತ ಅದು ಹೇಳುವುದಿಲ್ಲ. ಇನ್ನು ತರಬೇತಿ. ದೇಶದ ಲೆಕ್ಕ ನೋಡಿದರೆ ಪೊಲೀಸ್ ಬಜೆಟ್ಟಿನಲ್ಲಿ ಅದಕ್ಕೆ ಸಿಗುವುದು ನೂರಕ್ಕೆ ಒಂದು ರೂಪಾಯಿಯ ಆಸುಪಾಸು. ಸೈಬರ್ ವಂಚನೆಯಲ್ಲಿ ದುಡ್ಡು ಕಳಕೊಂಡು ಠಾಣೆಗೆ ಹೋದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಓದಿ ಕೆಲವರಿಗೆ ಸಿಟ್ಟು ಬಂದಿರಬಹುದು. ಠಾಣೆಯಲ್ಲಿ ಏಟು ತಿಂದವರಿದ್ದಾರೆ. ದೂರು ಕೊಡಲು ಹೋಗಿ ಬೈಸಿಕೊಂಡು ಬಂದವರಿದ್ದಾರೆ. "ಇವರಿಗೆ ಇನ್ನಷ್ಟು ದುಡ್ಡು ಕೊಡಬೇಕಾ?" ಅಂತ ಅವರು ಕೇಳಿದರೆ ನನ್ನ ಹತ್ತಿರ ಚಂದದ ಉತ್ತರ ಇಲ್ಲ. ನನಗೆ ಕುರ್ಚಿ, ನೀರು ಸಿಕ್ಕಿದ್ದು ನನ್ನ ಅಂಗಿ, ನನ್ನ ಮಾತಿನ ಧಾಟಿ ನೋಡಿ ಅನ್ನುವುದೂ ನನಗೆ ಗೊತ್ತು. ಆದರೆ ಬಂಡಲ್ ಪೇಪರ್ ತರುವ ಶಕ್ತಿ ಇಲ್ಲದವರು ಅದೇ ಬಾಗಿಲಿಗೆ ಹೋದರೆ ಏನಾಗುತ್ತದೆ? ಅವರ ದೂರು 'ನಾಳೆ ಬನ್ನಿ' ಆಗುತ್ತದೆ. ದುಡ್ಡಿಲ್ಲದ ಠಾಣೆ ಮೊದಲು ಹೊರಗೆ ನಿಲ್ಲಿಸುವುದು ದುಡ್ಡಿಲ್ಲದವರನ್ನೇ.

ಲೆಕ್ಕ ಕೇಳದೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಸರ್ಕಾರಿ ಶಾಲೆಗೆ ಶಾಲಾ ಅನುದಾನ ಅಂತ ಬರುತ್ತದೆ. ಶಾಲೆಯ ಹೆಸರಿಗೇ ಬರುತ್ತದೆ, ಅದನ್ನು ಕೇಳಲು ಪೋಷಕರಿರುವ ಶಾಲಾ ಸಮಿತಿ ಎಸ್‌ಡಿಎಂಸಿ ಇದೆ. ಉದ್ಯೋಗ ಖಾತ್ರಿ ಕೆಲಸದ ಪಕ್ಕ ಇಷ್ಟು ರೂಪಾಯಿ ಖರ್ಚಾಯಿತು ಅಂತ ಬೋರ್ಡು ನೆಟ್ಟಿರುತ್ತದೆ. ಠಾಣೆಗೂ ಹಾಗೆ ಒಂದು ಮೊತ್ತ, ಅದರದ್ದೇ ಹೆಸರಿನಲ್ಲಿ, ಏಪ್ರಿಲ್ ತಿಂಗಳಲ್ಲೇ ಬರಲಿ. ಇಷ್ಟು ಬಂತು, ಡೀಸೆಲ್ಲಿಗೆ ಇಷ್ಟು, ಸಾದಿಲ್ವಾರಿಗೆ ಇಷ್ಟು, ಶವ ಸಂಸ್ಕಾರಕ್ಕೆ ಇಷ್ಟು ಅಂತ ಗೋಡೆ ಮೇಲೆ ಬರೆಯಲಿ. ಹೊರಗಿನಿಂದ ಏನಾದರೂ ತಗೊಂಡಿದ್ದರೆ ಯಾರಿಂದ ಏನು ಅನ್ನುವುದೂ ಅದೇ ಗೋಡೆಯ ಮೇಲೆ ಬರಲಿ. ಆಗ ಬ್ಯಾರಿಕೇಡ್ ಕೊಟ್ಟವರ ಜೊತೆ ನನ್ನ ಹೆಸರೂ ಇರುತ್ತದೆ: ಎ-ಫೋರ್ ಪೇಪರ್, ಒಂದು ಬಂಡಲ್.

ಮೊನ್ನೆ ಬೈಕ್ ಏನಾಯಿತು ಅಂತ ಕೇಳಲು ಮತ್ತೆ ಠಾಣೆಗೆ ಹೋಗಿದ್ದೆ. ಸಿಕ್ಕಿಲ್ಲ. ಇನ್ಶೂರೆನ್ಸ್ ಕಂಪನಿಯವರು ಪತ್ತೆಯಾಗಿಲ್ಲ ಅನ್ನುವ ವರದಿ ಕೇಳುತ್ತಿದ್ದಾರೆ, ಅದನ್ನು ಕೊಡಿ ಅಂದೆ. ರೈಟರ್ ಕಂಪ್ಯೂಟರ್ ನೋಡಿದರು, ಪ್ರಿಂಟರ್ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ಈ ಸಲ ಹಾಳೆ ಇದೆ ಸಾರ್" ಅಂದರು. "ನೀವು ತಂದಿದ್ದೇ ಇನ್ನೂ ಇದೆ. ಟೋನರ್ ಖಾಲಿ."